ಮುಂಬಾಗಿಲು ತೆರೆದು, ಹಿತ್ತಲ ಬಾಗಿಲಿಗೆ ಚಿಲಕ: ಹೈನಾನ್ ದ್ವೀಪದ ಕಥೆ

ಪ್ರಶ್ನೆ: ನಾನು ಸುಳ್ಯದ ಕಡೆಯ ಅಡಿಕೆ ಬೆಳೆಗಾರ. ಚೀನಾದ ಹೈನಾನ್ ಅನ್ನೋ ದ್ವೀಪ ಪ್ರಾಂತ್ಯವನ್ನು ಇಡಿಯಾಗಿ ಸುಂಕವಿಲ್ಲದ ಬಂದರು ಮಾಡಿದ್ದಾರೆ ಅಂತ ಸುದ್ದಿಯಲ್ಲಿ ನೋಡಿದೆ. ಕೆಲವರು ದ್ವೀಪ ತೆರೆದರು ಅಂತಾರೆ, ಕೆಲವರು ಮುಚ್ಚಿದರು ಅಂತಾರೆ. ಏನಿದರ ಇತಿಹಾಸ? ನಿಜವಾಗಿ ಮುಂದೆ ಬಂದಿದೆಯಾ, ಬರೀ ಪ್ರಚಾರವಾ? ಅಲ್ಲಿ ಅಡಿಕೆಯನ್ನೂ ಬೆಳೆಯುತ್ತಾರಂತೆ. ಅದು ನಮ್ಮ ಪೇಟೆಗೆ ಬಂದು ನಮ್ಮ ರೇಟು ಕೆಡಿಸುತ್ತದಾ?

ಉತ್ತರ: ತೆರೆದರು ಅನ್ನುವವರೂ ಸರಿ, ಮುಚ್ಚಿದರು ಅನ್ನುವವರೂ ಸರಿ. ಹೈನಾನ್‌ನಲ್ಲಿ ಎರಡೂ ಒಂದೇ ದಿನ ಆಗಿವೆ.

ದ್ವೀಪವನ್ನು ಒಂದು ಮನೆ ಅಂದುಕೊಳ್ಳಿ. ಮುಂಬಾಗಿಲು ಹೊರದೇಶಗಳ ಕಡೆಗೆ, ಹಿತ್ತಲ ಬಾಗಿಲು ಚೀನಾದ ಮುಖ್ಯ ಭೂಮಿಯ ಕಡೆಗೆ. 2025ರ ಡಿಸೆಂಬರ್ 18ರಿಂದ ಮುಂಬಾಗಿಲಲ್ಲಿ ಸಾಮಾನು ಒಳಗೆ ತರುವುದು ಸಲೀಸಾಯಿತು. ಅದಕ್ಕೂ ಮೊದಲು ಸುಂಕದ ಪಟ್ಟಿಯಲ್ಲಿ ನೂರಕ್ಕೆ 21 ಬಾಬ್ತುಗಳಿಗೆ ಮಾತ್ರ ಸುಂಕ ಇರಲಿಲ್ಲ. ಈಗ ನೂರಕ್ಕೆ 74ಕ್ಕೆ ಇಲ್ಲ. ಲೆಕ್ಕದಲ್ಲಿ ಸುಮಾರು 6,600 ಬಾಬ್ತು. ಈ ರಿಯಾಯಿತಿ ಮುಖ್ಯವಾಗಿ ದ್ವೀಪದಲ್ಲಿ ನೋಂದಣಿಯಾದ ಕಂಪನಿ, ಸಂಸ್ಥೆಗಳಿಗೆ. ಆದರೆ ಅದೇ ಸಾಮಾನನ್ನು ಹಿತ್ತಲ ಬಾಗಿಲಿನಿಂದ ಆಚೆ ಸಾಗಿಸಲು ಹೋದರೆ ಅಲ್ಲಿ ಕಸ್ಟಮ್ಸ್‌ನವರು ಕೂತಿರುತ್ತಾರೆ. ತಮ್ಮದೇ ದೇಶದ ಇನ್ನೊಂದು ಪ್ರಾಂತ್ಯಕ್ಕೆ ಹೋಗುವ ಸರಕಿಗೂ ತಪಾಸಣೆ, ಸುಂಕ. ಮುಂಬಾಗಿಲ ಕಡೆಯ 8 ಬಂದರು, ವಿಮಾನ ನಿಲ್ದಾಣಗಳಿಗೆ 'ಮೊದಲ ಗೆರೆ' ಅಂತ ಹೆಸರು. ಹಿತ್ತಲ ಕಡೆಯ 10 ಜಾಗಗಳಿಗೆ 'ಎರಡನೇ ಗೆರೆ'.

ಒಂದು ಕಿಂಡಿ ಮಾತ್ರ ಬಿಟ್ಟಿದ್ದಾರೆ. ಹೊರಗಿನ ಕಚ್ಚಾವಸ್ತುವನ್ನು ದ್ವೀಪದಲ್ಲೇ ಸಂಸ್ಕರಿಸಿ ಅದರ ಮೌಲ್ಯವನ್ನು ನೂರಕ್ಕೆ 30ರಷ್ಟಾದರೂ ಹೆಚ್ಚಿಸಿದರೆ, ಸುಂಕ ಕಟ್ಟದೆ ಮುಖ್ಯ ಭೂಮಿಗೆ ಕಳಿಸಬಹುದು. ಕಾಫಿ ಬೀಜವನ್ನು ಹೊರಗಿಂದ ತಂದು ಹಾಗೇ ದಾಟಿಸಿದರೆ ಸುಂಕ. ಹುರಿದು, ಪುಡಿ ಮಾಡಿ, ಪೊಟ್ಟಣ ಕಟ್ಟಿ ಆ ಮಟ್ಟದ ಮೌಲ್ಯ ಸೇರಿಸಿದರೆ ಇಲ್ಲ. ದ್ವೀಪದಲ್ಲಿ ಕಾರ್ಖಾನೆ ಬರಲಿ, ದ್ವೀಪ ಬರೀ ಕಳ್ಳದಾರಿ ಆಗದಿರಲಿ ಅನ್ನೋದು ಲೆಕ್ಕಾಚಾರ. ಕಳ್ಳದಾರಿ ಅಂದಿದ್ದು ಸುಮ್ನೆ ಅಲ್ಲ. ಈ ಚಿಲಕದ ಹಿಂದೆ ನಲವತ್ತು ವರ್ಷ ಹಳೆಯ ಒಂದು ಹಗರಣ ಇದೆ. ಅದಕ್ಕೆ ಬರುತ್ತೇನೆ. ಮೊದಲು ದ್ವೀಪ ನೋಡಿಬಿಡಿ.

ಹೈನಾನ್ ಕೇರಳಕ್ಕಿಂತ ಸ್ವಲ್ಪ ಚಿಕ್ಕದು, ಹೆಚ್ಚುಕಮ್ಮಿ 34 ಸಾವಿರ ಚದರ ಕಿಲೋಮೀಟರ್. 2020ರ ಜನಗಣತಿಯಲ್ಲಿ ಒಂದು ಕೋಟಿ ಚಿಲ್ಲರೆ ಜನ. ನಡುವೆ ಕಾಡು ಮತ್ತು ಬೆಟ್ಟ. ವೂಝಿ ಅನ್ನುವ ಐದು ಬೆರಳಿನ ಬೆಟ್ಟ 1,800 ಮೀಟರ್ ದಾಟುತ್ತದೆ. ಸುತ್ತಲೂ ತೆಂಗು, ಅಡಿಕೆ, ರಬ್ಬರ್, ಭತ್ತ. ಫೋಟೋ ತೋರಿಸಿ ಇದು ಕರಾವಳಿ ಅಂದರೆ ನೀವು ನಂಬಿಬಿಡುತ್ತೀರಿ. ಆದರೆ ಅದರ ದಕ್ಷಿಣ ತುದಿಯ ಸಾನ್ಯಾ ಊರು ನಮ್ಮ ಬೀದರ್‌ಗಿಂತಲೂ ಸ್ವಲ್ಪ ಉತ್ತರಕ್ಕಿದೆ. ಉತ್ತರ ತುದಿಯಲ್ಲಿ ರಾಜಧಾನಿ ಹೈಕೋ. ಅಲ್ಲಿಂದ ಎದುರು ದಡಕ್ಕೆ ಚ್ಯೋಂಗ್‌ಝೌ ಜಲಸಂಧಿ, ಕಿರಿದಾದ ಕಡೆ 20 ಕಿಲೋಮೀಟರ್ ಅಷ್ಟೇ. ಈ 20 ಕಿಲೋಮೀಟರ್ ನೀರು ದ್ವೀಪದ ಹಣೆಬರಹ ಬರೆದಿದೆ ಅಂದರೆ ತಪ್ಪಿಲ್ಲ.

ಕ್ರಿಸ್ತಪೂರ್ವ 110ರಲ್ಲಿ ಹಾನ್ ಸಾಮ್ರಾಜ್ಯ ಇಲ್ಲಿ ಎರಡು ಜಿಲ್ಲೆ ಮಾಡಿತು. ಒಂದರ ಹೆಸರಿನ ಅರ್ಥ 'ಮುತ್ತಿನ ದಡ'. ಮುತ್ತಿನ ಆಸೆಗೆ ಬಂದ ಅಧಿಕಾರಿಗಳು ಸುಲಿಗೆ ಮಾಡಿದರು, ಸ್ಥಳೀಯರು ಮೇಲಿಂದ ಮೇಲೆ ದಂಗೆ ಎದ್ದರು. ಕೊನೆಗೆ ಜ್ಯಾ ಜ್ವಾನ್‌ಝಿ ಎಂಬ ಅಧಿಕಾರಿ, ಈ ದ್ವೀಪ ಇಟ್ಟುಕೊಂಡರೆ ಲಾಭಕ್ಕಿಂತ ಖರ್ಚೇ ಜಾಸ್ತಿ, ಬಿಟ್ಟುಬಿಡೋಣ ಅಂತ ಚಕ್ರವರ್ತಿಗೆ ವಾದಿಸಿದ. ಕ್ರಿಸ್ತಪೂರ್ವ 46ರಲ್ಲಿ ಬಿಟ್ಟೇಬಿಟ್ಟರು! ಒಂದು ಸಾಮ್ರಾಜ್ಯ ತಾನಾಗಿಯೇ ಲೆಕ್ಕ ಹಾಕಿ ನೆಲ ಬಿಟ್ಟುಕೊಡುವುದು ಇತಿಹಾಸದಲ್ಲಿ ದಿನಾ ನಡೆಯುವ ಸಂಗತಿಯಲ್ಲ. ದ್ವೀಪ ಮತ್ತೆ ಗಟ್ಟಿಯಾಗಿ ಸಾಮ್ರಾಜ್ಯದ ಕೈಗೆ ಬರಲು ಆರನೇ ಶತಮಾನದವರೆಗೆ ಕಾಯಬೇಕಾಯಿತು. ಆಗ ಅದನ್ನು ಸಾಧಿಸಿದ್ದು ಸೈನ್ಯಕ್ಕಿಂತ ಜಾಸ್ತಿ ಒಬ್ಬ ಹೆಂಗಸು. ಶ್ಯಾನ್ ಅನ್ನುವ ಬುಡಕಟ್ಟು ನಾಯಕಿ. ಇವತ್ತಿಗೂ ಹೈನಾನ್‌ನಲ್ಲಿ ಆಕೆಗೆ ಗುಡಿಗಳಿವೆ, ಜಾತ್ರೆ ನಡೆಯುತ್ತದೆ.

ಆಮೇಲಿನ ಸಾವಿರ ವರ್ಷ ದೊರೆಗಳಿಗೆ ಹೈನಾನ್ ಅಂದರೆ ಬೇಡವಾದವರನ್ನು ತಳ್ಳುವ ಜಾಗ. ನಮ್ಮಲ್ಲಿ 'ಅಂಡಮಾನಿಗೆ ಕಳಿಸಿದರು' ಅಂತೀವಲ್ಲ, ಹಾಗೆ. ತಾಂಗ್ ರಾಜವಂಶದ ಕಾಲದ ಪ್ರಧಾನಿಯೊಬ್ಬರು ಇಲ್ಲಿಗೇ ಬಂದು ಇಲ್ಲೇ ಸತ್ತರು. ಅವರೆಲ್ಲರಲ್ಲಿ ಹೆಸರಾದವನು ಕವಿ ಸು ಶಿ, ಜನರ ಬಾಯಲ್ಲಿ ಸು ಡಾಂಗ್‌ಪೋ. 1097ರಲ್ಲಿ, ಅರವತ್ತರ ಆಸುಪಾಸಿನಲ್ಲಿ, ಕಿರಿಯ ಮಗನ ಜೊತೆ ದ್ವೀಪದ ಪಶ್ಚಿಮದ ಡಾನ್‌ಝೌಗೆ ಬಂದ. ಹೋದ ತಕ್ಷಣ ಮೊದಲು ಶವಪೆಟ್ಟಿಗೆ ಮಾಡಿಸುತ್ತೇನೆ, ಆಮೇಲೆ ಗೋರಿ ಅಂತ ಪತ್ರ ಬರೆದಿಟ್ಟು ಹೊರಟವನು. ಅಲ್ಲಿನ ಅಧಿಕಾರಿ ಪಾಪ ಅಂತ ಸರ್ಕಾರಿ ಮನೆಯಲ್ಲಿ ಜಾಗ ಕೊಟ್ಟ. ಸುದ್ದಿ ಮೇಲಕ್ಕೆ ಹೋಯಿತು, ಇವನನ್ನು ಹೊರಗೆ ಹಾಕಿದರು, ಆ ಅಧಿಕಾರಿಗೂ ಶಿಕ್ಷೆ ಆಯಿತು. ಆಗ ಊರಿನ ಹುಡುಗರೇ ಕೈಜೋಡಿಸಿ ಬೈನೆಯಂಥ ತಾಳೆ ಮರಗಳ ತೋಪಿನಲ್ಲಿ ಅವನಿಗೆ ಒಂದು ಗುಡಿಸಲು ಕಟ್ಟಿಕೊಟ್ಟರು. ಅವನು ಆ ಹುಡುಗರಿಗೆ ಪಾಠ ಹೇಳಿದ. ಮೂರು ವರ್ಷ ಇದ್ದು, 1100ರಲ್ಲಿ ಕ್ಷಮೆ ಸಿಕ್ಕಿ ಹೊರಟ, ಮರುವರ್ಷ ದಾರಿಯಲ್ಲೇ ತೀರಿಕೊಂಡ. ಡಾನ್‌ಝೌನಲ್ಲಿ ಅವನ ಹೆಸರಿನ ವಿದ್ಯಾಕೇಂದ್ರ ಈಗಲೂ ಇದೆ. ಪ್ರವಾಸಿಗಳು ಸಾಲುಗಟ್ಟಿ ನೋಡುತ್ತಾರೆ. ಯಾವ ಊರಿಗೆ ಶಿಕ್ಷೆ ಅಂತ ಕಳಿಸುತ್ತಿದ್ದರೋ ಅದೇ ಊರಿಗೆ ಈಗ ದುಡ್ಡು ಕೊಟ್ಟು ರಜೆಗೆ ಹೋಗುತ್ತಾರೆ.

ಇಲ್ಲಿಯವರೆಗೆ ಹೇಳಿದ್ದು ಹೊರಗಿಂದ ಬಂದವರ ಕಥೆ. ಅವರು ಬರುವುದಕ್ಕೂ ಎಷ್ಟೋ ಮುಂಚಿನಿಂದ ಅಲ್ಲಿದ್ದವರು ಲೀ ಜನ. ಇವರ ಭಾಷೆ ಚೀನೀ ಅಲ್ಲ, ಥಾಯ್ ಭಾಷೆಯ ದೂರದ ನೆಂಟ. ಈಗ ಹತ್ತು ಲಕ್ಷಕ್ಕೂ ಜಾಸ್ತಿ ಇದ್ದಾರೆ, ಹೆಚ್ಚಿನವರು ಬೆಟ್ಟದ ಕಡೆ. ಹೊರಗಿನವರು ಕರಾವಳಿ ಹಿಡಿದಂತೆಲ್ಲ ಇವರು ಒಳಗೆ ಸರಿದರು. ಇವರ ನೇಯ್ಗೆ ನೋಡಬೇಕು. ಹೆಂಗಸು ನೆಲದ ಮೇಲೆ ಕಾಲು ಚಾಚಿ ಕೂರುತ್ತಾಳೆ. ಮಗ್ಗದ ಒಂದು ತುದಿಯ ಕೋಲನ್ನು ಪಾದಗಳಿಂದ ಒತ್ತಿ ಹಿಡಿಯುತ್ತಾಳೆ, ಇನ್ನೊಂದು ತುದಿ ಸೊಂಟದ ಪಟ್ಟಿಗೆ ಕಟ್ಟಿರುತ್ತದೆ. ಹಾಸು ಬಿಗಿ ಆಗಬೇಕಾದರೆ ಮೈ ಹಿಂದಕ್ಕೆ ವಾಲಿಸಬೇಕು, ಸಡಿಲ ಆಗಬೇಕಾದರೆ ಮುಂದಕ್ಕೆ. ಮೈಯೇ ಮಗ್ಗ. ಹದಿಮೂರನೇ ಶತಮಾನದಲ್ಲಿ ಹ್ವಾಂಗ್ ದಾವ್‌ಪೋ ಎಂಬ ಹೆಣ್ಣುಮಗಳು ಇಲ್ಲಿ ಹತ್ತಿ ನೇಯ್ಗೆ ಕಲಿತು ಈಗಿನ ಶಾಂಘೈ ಸೀಮೆಗೆ ಒಯ್ದಳು ಅಂತ ಚೀನಾದ ಶಾಲಾ ಮಕ್ಕಳೆಲ್ಲ ಓದುತ್ತಾರೆ. ಕಲಿಸಿದವರ ಹೆಸರು ಮಾತ್ರ ಯಾರೂ ಬರೆದಿಟ್ಟಿಲ್ಲ. 2009ರಲ್ಲಿ ಯುನೆಸ್ಕೊ ಈ ನೇಯ್ಗೆಯನ್ನು ತುರ್ತಾಗಿ ಉಳಿಸಬೇಕಾದ ಕಲೆಗಳ ಪಟ್ಟಿಗೆ ಸೇರಿಸಿತು.

ಬಂದವರಷ್ಟೇ ಹೋದವರೂ ಇದ್ದಾರೆ. ಹತ್ತೊಂಬತ್ತನೇ ಶತಮಾನದಿಂದ ದ್ವೀಪದ ಪೂರ್ವ ಭಾಗದ ವೆಂಚಾಂಗ್, ಚ್ಯೋಂಗ್‌ಹೈ ಕಡೆಯವರು ಹಡಗು ಹತ್ತಿ ಮಲಯ, ಸಿಂಗಾಪುರ, ಥಾಯ್ಲೆಂಡ್ ಸೇರಿದರು. ತಡವಾಗಿ ಹೋಗಿದ್ದರಿಂದ ಒಳ್ಳೇ ವ್ಯಾಪಾರ ಅಷ್ಟು ಹೊತ್ತಿಗೆ ಬೇರೆ ಚೀನೀಯರ ಕೈಯಲ್ಲಿತ್ತು. ಇವರಿಗೆ ಸಿಕ್ಕಿದ್ದು ಅಡುಗೆಮನೆ ಕೆಲಸ, ಕಾಫಿ ಅಂಗಡಿ. ಸಿಂಗಾಪುರಕ್ಕೆ ಹೋದ ನಮ್ಮವರು ತಿಂದು ಹೊಗಳುವ ಹೈನಾನೀಸ್ ಚಿಕನ್ ರೈಸ್ ಹುಟ್ಟಿದ್ದು ಹೀಗೆ, ವೆಂಚಾಂಗ್ ಕೋಳಿಯ ನೆನಪಲ್ಲಿ. ಚೀನಾದ ರಾಜಕೀಯದಲ್ಲಿ ದೊಡ್ಡ ಹೆಸರಾದ ಸೂಂಗ್ ಸಹೋದರಿಯರ ತಂದೆಯೂ ವೆಂಚಾಂಗ್‌ನವನೇ. ಹೊರಗೆ ಹೋದವರು ಬರೀ ಹಣ ಕಳಿಸಲಿಲ್ಲ. 1906ರಲ್ಲಿ ಮಲಯದಿಂದ ರಬ್ಬರ್ ಬೀಜ ತಂದು ಮೊದಲ ತೋಟ ಮಾಡಿದವನೂ ಹಾಗೆ ಮರಳಿದವನೇ.

1939ರ ಫೆಬ್ರವರಿಯಲ್ಲಿ ಜಪಾನ್ ಸೈನ್ಯ ಬಂತು. ಶಿಲು ಗಣಿಯ ಕಬ್ಬಿಣದ ಅದಿರು ಸಾಗಿಸಲು ರೈಲು, ಬಂದರು ಕಟ್ಟಿಸಿತು. ಕೂಲಿಗಳು ಹುಳದಂತೆ ಸತ್ತರು. 1950ರಲ್ಲಿ ಕಮ್ಯುನಿಸ್ಟ್ ಸೈನ್ಯ ಬಹುಪಾಲು ಹಾಯಿ ದೋಣಿಗಳಲ್ಲೇ ಜಲಸಂಧಿ ದಾಟಿ ಮೇ 1ರ ಹೊತ್ತಿಗೆ ದ್ವೀಪ ಹಿಡಿಯಿತು. ಮುಂದಿನ ವರ್ಷ ಕೊರಿಯಾ ಯುದ್ಧದ ಕಾರಣ ಚೀನಾಕ್ಕೆ ರಬ್ಬರ್ ಮಾರಬಾರದು ಅಂತ ನಿರ್ಬಂಧ ಬಂತು. ರಬ್ಬರ್ ಇಲ್ಲದೆ ಲಾರಿ ಓಡುವುದಿಲ್ಲ, ವಿಮಾನ ಇಳಿಯುವುದಿಲ್ಲ. ಭೂಮಧ್ಯರೇಖೆಯಿಂದ 17 ಡಿಗ್ರಿ ಉತ್ತರಕ್ಕೆ ರಬ್ಬರ್ ಬೆಳೆಯೋದಿಲ್ಲ ಅಂತ ಪುಸ್ತಕ ಹೇಳುತ್ತಿತ್ತು. ಹೈನಾನ್ ಶುರುವಾಗೋದೇ 18ರಿಂದ. ಆದರೂ ನೆಟ್ಟರು. ಸೈನಿಕರು, ವಿದ್ಯಾರ್ಥಿಗಳು, ಆಮೇಲೆ ಸಾಂಸ್ಕೃತಿಕ ಕ್ರಾಂತಿಯಲ್ಲಿ ಪಟ್ಟಣದ ಯುವಕರು ಸೇರಿ ಕಾಡು ಕಡಿದು ಸರ್ಕಾರಿ ತೋಟ ಮಾಡಿದರು. ರಬ್ಬರ್ ಬಂತು, ಕಾಡು ಹೋಯಿತು. ಹೈನಾನ್ ಗಿಬ್ಬನ್ ಅನ್ನುವ ಬಾಲವಿಲ್ಲದ ವಾನರ ಜಗತ್ತಲ್ಲಿ ಬೇರೆಲ್ಲೂ ಇಲ್ಲ. ಅದು 1980ರ ಹೊತ್ತಿಗೆ ಹತ್ತರೊಳಗೆ ಇಳಿಯಿತು. ಈಗ ನಲವತ್ತರ ಆಸುಪಾಸಿಗೆ ಏರಿದೆ, ಕಾಡು ರಾಷ್ಟ್ರೀಯ ಉದ್ಯಾನವಾಗಿದೆ.

ಈಗ ಹಗರಣಕ್ಕೆ ಬರೋಣ.

ಆಗ ಹೈನಾನ್ ಸ್ವಂತ ಪ್ರಾಂತ್ಯ ಅಲ್ಲ, ಗುವಾಂಗ್‌ಡಾಂಗ್ ಪ್ರಾಂತ್ಯದ ಒಂದು ಬಡ ಮೂಲೆ. ಬೆಳೆಯಲಿ ಪಾಪ ಅಂತ 1983ರಲ್ಲಿ ಕೇಂದ್ರ ಸರ್ಕಾರ ಒಂದು ವಿಶೇಷ ಸವಲತ್ತು ಕೊಟ್ಟಿತು. ದ್ವೀಪದ ಬಳಕೆಗೆ ಬೇಕಾದ ಸಾಮಾನನ್ನು ನೀವೇ ಹೊರದೇಶದಿಂದ ತರಿಸಿಕೊಳ್ಳಬಹುದು, ಆದರೆ ದ್ವೀಪದಿಂದಾಚೆ ಮಾರಬಾರದು. ಮುಖ್ಯ ಭೂಮಿಯಲ್ಲಿ ಆಗ ಜಪಾನಿ ಕಾರು ಕಣ್ಣಿಗೆ ಬಿದ್ದರೆ ಹಬ್ಬ. ಇಲ್ಲಿ ತರಿಸಿ ಅಲ್ಲಿ ಮಾರಿದರೆ ದುಪ್ಪಟ್ಟು ಹಣ. 1984ರ ಆರಂಭದಿಂದ 1985ರ ಮಾರ್ಚ್‌ವರೆಗೆ, ಬರೀ 14 ತಿಂಗಳಲ್ಲಿ, 89 ಸಾವಿರ ಕಾರು-ವ್ಯಾನುಗಳಿಗೆ ಅನುಮತಿ ಕೊಟ್ಟರು. ಜೊತೆಗೆ 28 ಲಕ್ಷ ಟಿವಿ, ಎರಡೂವರೆ ಲಕ್ಷ ವಿಡಿಯೋ ರೆಕಾರ್ಡರ್, 1.2 ಲಕ್ಷ ಮೋಟಾರ್ ಸೈಕಲ್. ಆಗಿನ ದ್ವೀಪದಲ್ಲಿ ಅಷ್ಟು ಟಿವಿಗೆ ಗೋಡೆಗಳೇ ಇರಲಿಲ್ಲ. ಆಡಳಿತದ 94 ಇಲಾಖೆಗಳಲ್ಲಿ 88 ಇಲಾಖೆಗಳು ಕಾರು ದಂಧೆಗೆ ಇಳಿದಿದ್ದವು ಅಂತ ಆಮೇಲೆ ತನಿಖೆಯಲ್ಲಿ ಬಂತು. ಹೈಕೋ ಬಂದರಿನ ಸುತ್ತ ಬಯಲುಗಳೆಲ್ಲ ಕಾರಿನ ಸಾಲು. ಬೀಜಿಂಗ್‌ಗೆ ಗೊತ್ತಾಗಿ ಆಡಳಿತದ ಮುಖ್ಯಸ್ಥ ಲೇ ಯು ಕುರ್ಚಿ ಕಳೆದುಕೊಂಡ. ಕೆಲವರು ಇವತ್ತೂ ಅವನ ಪರ ಮಾತಾಡುತ್ತಾರೆ. ಸ್ವಂತ ಜೇಬಿಗೆ ಹಾಕಿಕೊಳ್ಳಲಿಲ್ಲ, ದ್ವೀಪಕ್ಕೆ ಬಂಡವಾಳ ಮಾಡಲು ಹೋದ ಅನ್ನುವುದು ಅವರ ವಾದ.

ಆಗ ಆಗಿದ್ದು ಇಷ್ಟೇ. ಮುಂಬಾಗಿಲು ತೆರೆದಿದ್ದರು, ಹಿತ್ತಲ ಬಾಗಿಲಿಗೆ ಚಿಲಕ ಇರಲಿಲ್ಲ. 2025ರ 'ಎರಡನೇ ಗೆರೆ' ಅನ್ನೋದು ಆ ಚಿಲಕ. ನನ್ನ ಮಟ್ಟಿಗೆ ಹೈನಾನ್ ಅರ್ಥ ಮಾಡಿಕೊಳ್ಳಲು ಇದಕ್ಕಿಂತ ಒಳ್ಳೆಯ ಬೀಗದ ಕೈ ಇಲ್ಲ.

1988ರ ಏಪ್ರಿಲ್ 13ರಂದು ಹೈನಾನ್‌ ಸ್ವಂತ ಪ್ರಾಂತ್ಯ ಆಯಿತು. ಜೊತೆಗೆ ಇಡೀ ದ್ವೀಪವೇ ವಿಶೇಷ ಆರ್ಥಿಕ ವಲಯ, ಚೀನಾದಲ್ಲೇ ಅತಿ ದೊಡ್ಡದು. ಲಕ್ಷ ಜನ ಓದಿದವರು ಕಡಲು ದಾಟಿ ಬಂದರು ಅಂತ ಅದನ್ನು ಈಗಲೂ ನೆನೆಯುತ್ತಾರೆ. ಬಂದವರಿಗೆಲ್ಲ ಕೆಲಸ ಎಲ್ಲಿಂದ ಬರಬೇಕು? ಪದವೀಧರರು ಬೀದಿಯಲ್ಲಿ ತಿಂಡಿ, ಪೇಪರ್ ಮಾರಿದರು. ಕಾರ್ಖಾನೆ ಬರಲಿಲ್ಲ, ಬಂದಿದ್ದು ಜಾಗದ ದಲ್ಲಾಳಿಗಳು. ಆಗ ದ್ವೀಪದ ಜನಸಂಖ್ಯೆ ಎಪ್ಪತ್ತು ಲಕ್ಷದೊಳಗೆ. ರಿಯಲ್ ಎಸ್ಟೇಟ್ ಕಂಪನಿಗಳು ಸುಮಾರು ಇಪ್ಪತ್ತು ಸಾವಿರ! ಮುನ್ನೂರು-ಮುನ್ನೂರೈವತ್ತು ಜನಕ್ಕೆ ಒಂದು ಕಂಪನಿ. 1991ರಲ್ಲಿ ಚದರ ಮೀಟರ್‌ಗೆ ಸುಮಾರು 1,400 ಯುವಾನ್ (ಚೀನಾದ ಹಣ) ಇದ್ದ ಮನೆಯ ಬೆಲೆ 1993ಕ್ಕೆ 7,500 ಆಯಿತು. ಮನೆ ಇನ್ನೂ ಎದ್ದಿರುತ್ತಿರಲಿಲ್ಲ. ಕಾಗದ ಒಬ್ಬನಿಂದ ಒಬ್ಬನಿಗೆ ಕೈ ಬದಲಾಗುತ್ತಿತ್ತು, ಪ್ರತಿ ಕೈಯಲ್ಲೂ ಬೆಲೆ ಏರುತ್ತಿತ್ತು. ಬೆಂಗಳೂರಿನ ಸುತ್ತಮುತ್ತ ಸೈಟು ವ್ಯಾಪಾರ ನೋಡಿದವರಿಗೆ ಈ ಆಟ ಹೊಸದಲ್ಲ, ಅಲ್ವಾ? ಬಹಳಷ್ಟು ಹಣ ಬ್ಯಾಂಕಿನದು.

1993ರ ಜೂನ್‌ನಲ್ಲಿ ಆಗಿನ ಉಪಪ್ರಧಾನಿ ಝು ರೋಂಗ್‌ಜಿ ಉಸ್ತುವಾರಿಯಲ್ಲಿ ಬೀಜಿಂಗ್ ಸಾಲದ ನಲ್ಲಿ ತಿರುಗಿಸಿತು. ವಾರಗಳಲ್ಲಿ ಎಲ್ಲ ನಿಂತಿತು. ದಲ್ಲಾಳಿಗಳು ವಿಮಾನ ಹತ್ತಿದರು. ಉಳಿದಿದ್ದು ಅರ್ಧ ಕಟ್ಟಿದ 600ಕ್ಕೂ ಜಾಸ್ತಿ ಕಟ್ಟಡ. ಸಿಮೆಂಟಿನ ಕಂಬ, ತುಕ್ಕು ಹಿಡಿದ ಸರಳು, ಒಳಗೆ ಹುಲ್ಲು. ಚೀನೀಯರು ಇಂಥವಕ್ಕೆ 'ಕೊಳೆತ ಬಾಲದ ಕಟ್ಟಡ' ಅಂತಾರೆ. ಶುರು ಜೋರು, ಬಾಲ ಕೊಳೆತಿದೆ ಅಂತ. ಅವನ್ನು ಗುಡಿಸಿ ಮುಗಿಸಲು ಹತ್ತು ವರ್ಷಕ್ಕೂ ಜಾಸ್ತಿ ಹಿಡಿಯಿತು. ಹಾಳಾದ ಸಾಲ ಹೊತ್ತ ಹೈನಾನ್ ಡೆವಲಪ್‌ಮೆಂಟ್ ಬ್ಯಾಂಕ್ 1998ರ ಜೂನ್ 21ರಂದು ಬಾಗಿಲು ಹಾಕಿತು. ಕಮ್ಯುನಿಸ್ಟ್ ಚೀನಾದಲ್ಲಿ ಮುಚ್ಚಿದ ಮೊದಲ ಬ್ಯಾಂಕು ಅದು.

ಪಾಠ ಕಲಿತರಾ? ಅರ್ಧ. 2010ರಲ್ಲಿ 'ಅಂತರರಾಷ್ಟ್ರೀಯ ಪ್ರವಾಸಿ ದ್ವೀಪ' ಅಂತ ಘೋಷಿಸಿದ ಕೂಡಲೇ ಮನೆ ಬೆಲೆ ಮತ್ತೆ ಹಾರಿತು. ಈ ಸಲ ಕೊಂಡವರು ಈಶಾನ್ಯ ಚೀನಾದ ಚಳಿಯಿಂದ ಓಡಿ ಬರುವ ಮುದುಕರು. ಇವರಿಗೆ 'ವಲಸೆ ಹಕ್ಕಿಗಳು' ಅಂತ ಹೆಸರು. ಚಳಿಗಾಲದಲ್ಲಿ ಸಾನ್ಯಾ ತುಂಬಿ ತುಳುಕುತ್ತದೆ, ಆಸ್ಪತ್ರೆಯಲ್ಲಿ ಜಾಗ ಇರೋದಿಲ್ಲ, ತರಕಾರಿ ತುಟ್ಟಿ. ಬೇಸಿಗೆಯಲ್ಲಿ ಕಟ್ಟಡಗಳಲ್ಲಿ ದೀಪವೇ ಇಲ್ಲ. ಸ್ಥಳೀಯರಿಗೆ ಮನೆ ಕೈಗೆಟುಕದಂತಾಯಿತು. 2018ರಲ್ಲಿ ಹೊರಗಿನವರು ಮನೆ ಕೊಳ್ಳುವುದಕ್ಕೆ ಇಡೀ ದ್ವೀಪದಲ್ಲಿ ಕಡಿವಾಣ ಹಾಕಿದರು. ಅದು ನನ್ನ ಪ್ರಕಾರ ಹೈನಾನ್ ಮಾಡಿದ ಅತಿ ಕಷ್ಟದ, ಅತಿ ಒಳ್ಳೆಯ ಕೆಲಸ. ಜಾಗದಿಂದ ಬರುವ ಸುಲಭದ ಆದಾಯವನ್ನು ತಾನೇ ಕತ್ತರಿಸಿಕೊಂಡಿತು. 2021ರ ಕೊನೆಯಲ್ಲಿ ಡಾನ್‌ಝೌ ಆಡಳಿತ ಎವರ್‌ಗ್ರಾಂಡ್ ಎಂಬ ರಿಯಲ್ ಎಸ್ಟೇಟ್ ಕಂಪನಿಯ ಕೃತಕ ದ್ವೀಪದಲ್ಲಿದ್ದ 39 ಕಟ್ಟಡ ಕೆಡವಲು ಆದೇಶ ಕೊಟ್ಟಿತು. ಸು ಶಿಯ ಗುಡಿಸಲು ಇದ್ದದ್ದೂ ಡಾನ್‌ಝೌನಲ್ಲೇ ಅನ್ನೋದು ನೆನಪಾಗಿ ನಗು ಬಂತು.

ಇನ್ನು ಸುಂಕವಿಲ್ಲದ ಶಾಪಿಂಗ್. 2011ರಿಂದ ದ್ವೀಪಕ್ಕೆ ಬಂದು ಹೋಗುವ ಚೀನೀಯರು ವಿದೇಶಿ ಸೆಂಟು, ಕೈಚೀಲ, ಕ್ರೀಮು ಸುಂಕವಿಲ್ಲದೆ ಕೊಳ್ಳಬಹುದು. 2020ರಲ್ಲಿ ವರ್ಷದ ಮಿತಿ ಒಂದು ಲಕ್ಷ ಯುವಾನ್‌ಗೆ ಏರಿತು. ಕೊರೋನಾ ಕಾಲದಲ್ಲಿ ಯಾರೂ ಪ್ಯಾರಿಸ್‌ಗೆ ಹೋಗುವಂತಿರಲಿಲ್ಲ, ಎಲ್ಲರೂ ಸಾನ್ಯಾಗೆ ಬಂದರು. ಬಾಗಿಲುಗಳು ತೆರೆದ ಮೇಲೆ ವ್ಯಾಪಾರ ಇಳಿಯಿತು. 2023ರಲ್ಲಿ ಸುಮಾರು 4,370 ಕೋಟಿ ಯುವಾನ್ ಇದ್ದದ್ದು 2024ರಲ್ಲಿ 3,090 ಕೋಟಿ. ಸುದ್ದಿಯಲ್ಲಿ ಹೊಳೆಯುವ ಮಾಲ್‌ಗಳನ್ನು ನೋಡಿ ದ್ವೀಪವನ್ನು ಅಳೆಯಬೇಡಿ.

ನಾನಾದರೆ ಅಳೆಯುವುದು ಬೇರೆ ಎರಡು ಕಡೆ. ಒಂದು, ಸಾನ್ಯಾ ಸುತ್ತಿನ ಗದ್ದೆ. ಚೀನಾದ ಉತ್ತರದಲ್ಲಿ ಹಿಮ ಬಿದ್ದಾಗ ಇಲ್ಲಿ ಬೆಳೆ ಬೆಳೆಯುತ್ತದೆ. ಹಾಗಾಗಿ ಎಲ್ಲ ಕಡೆಯ ತಳಿ ವಿಜ್ಞಾನಿಗಳು ಚಳಿಗಾಲಕ್ಕೆ ಬೀಜದ ಚೀಲ ಹೊತ್ತು ಇಲ್ಲಿಗೆ ಬರುತ್ತಾರೆ. ವರ್ಷಕ್ಕೆ ಒಂದೇ ಪೀಳಿಗೆ ಸಿಗುವ ಕಡೆ ಎರಡು ಮೂರು ಪೀಳಿಗೆ ಸಿಗುತ್ತದೆ, ಹೊಸ ತಳಿಗೆ ಬೇಕಾದ ವರ್ಷ ಅರ್ಧ ಆಗುತ್ತದೆ. 1970ರ ನವೆಂಬರ್‌ನಲ್ಲಿ ಭತ್ತದ ತಳಿ ವಿಜ್ಞಾನಿ ಯುವಾನ್ ಲಾಂಗ್‌ಪಿಂಗ್ ತಂಡದವರಿಗೆ ಸಾನ್ಯಾ ಹತ್ತಿರದ ತೋಟವೊಂದರ ನೀರಿನ ಬದಿ ಒಂದು ಕಾಡು ಭತ್ತದ ಗಿಡ ಸಿಕ್ಕಿತು. ಅದರ ಪರಾಗಕ್ಕೆ ಸತ್ವವೇ ಇರಲಿಲ್ಲ. ಗಂಡು ಬಂಜೆಯಾದ ಆ ಒಂದು ಗಿಡದಿಂದ ಚೀನಾದ ಹೈಬ್ರಿಡ್ ಭತ್ತ ಹುಟ್ಟಿತು. ಯಾವ ವಿಶೇಷ ವಲಯದ ಘೋಷಣೆಯೂ ಇಲ್ಲದೆ ದ್ವೀಪ ದೇಶಕ್ಕೆ ಕೊಟ್ಟ ಅತಿ ದೊಡ್ಡ ಸಂಪತ್ತು ಇದೇ ಇರಬೇಕು.

ಇನ್ನೊಂದು, ವೆಂಚಾಂಗ್‌ನ ರಾಕೆಟ್ ಕೇಂದ್ರ. 2016ರಲ್ಲಿ ಮೊದಲ ಉಡಾವಣೆ ಆಯಿತು. ಚೀನಾದ ಉಳಿದ ಕೇಂದ್ರಗಳಿಗೆ ರಾಕೆಟ್ ರೈಲಿನಲ್ಲಿ ಹೋಗಬೇಕು, ಸುರಂಗದ ಅಳತೆ ಮೀರುವಂತಿಲ್ಲ. ವೆಂಚಾಂಗ್‌ಗೆ ಹಡಗಿನಲ್ಲಿ ಬರುತ್ತದೆ, ಐದು ಮೀಟರ್ ದಪ್ಪದ್ದೂ ಬರಬಹುದು. ಭೂಮಧ್ಯರೇಖೆಗೆ ಹತ್ತಿರ ಇರುವುದರಿಂದ ಭೂಮಿ ತಿರುಗುವ ವೇಗದ ಲಾಭವೂ ಜಾಸ್ತಿ. ಚಂದ್ರನಿಂದ ಮಣ್ಣು ತಂದ ನೌಕೆ ಹಾರಿದ್ದು ಇಲ್ಲಿಂದಲೇ. ಒಂದು ಕಾಲಕ್ಕೆ ಯಾವ ಕಡಲು ದ್ವೀಪವನ್ನು ಹಿಂದುಳಿಸಿತೋ ಅದೇ ಈಗ ದಾರಿ ಆಯಿತು.

ಹಾಗಂತ ಕಡಲು ಸುಮ್ಮನಾಗಿಲ್ಲ. ಜಲಸಂಧಿಗೆ ಇನ್ನೂ ಸೇತುವೆ ಇಲ್ಲ. ಆಳ, ಬಿರುಗಾಳಿ, ಹಡಗುಗಳ ಓಡಾಟ ಎಲ್ಲ ಅಡ್ಡ. ರೈಲನ್ನೇ ಹಡಗಿಗೆ ಹತ್ತಿಸುತ್ತಾರೆ! ಬೋಗಿಗಳನ್ನು ಬಿಡಿಸಿ, ನಾಲ್ಕಾರು ಬೋಗಿಯ ತುಂಡು ಮಾಡಿ, ಹಡಗಿನ ಹೊಟ್ಟೆಯೊಳಗಿನ ಹಳಿಗಳ ಮೇಲೆ ಪಕ್ಕಪಕ್ಕದಲ್ಲಿ ನಿಲ್ಲಿಸುತ್ತಾರೆ. ಪ್ರಯಾಣಿಕರು ಒಳಗೇ ಕೂತಿರುತ್ತಾರೆ. ಆಚೆ ದಡದಲ್ಲಿ ಮತ್ತೆ ಜೋಡಣೆ. 2018ರ ಫೆಬ್ರವರಿಯಲ್ಲಿ ಚೀನೀ ಹೊಸ ವರ್ಷದ ರಜೆ ಮುಗಿಸಿ ಎಲ್ಲರೂ ಹೊರಟಾಗ ಮಂಜು ಕವಿಯಿತು, ಫೆರಿ ನಿಂತಿತು, ಹೈಕೋದಲ್ಲಿ ಹತ್ತು ಸಾವಿರಕ್ಕೂ ಜಾಸ್ತಿ ಕಾರು ದಿನಗಟ್ಟಲೆ ರಸ್ತೆಯಲ್ಲಿ ನಿಂತವು. 2024ರ ಸೆಪ್ಟೆಂಬರ್ 6ರಂದು ಯಾಗಿ ಚಂಡಮಾರುತ ವೆಂಚಾಂಗ್‌ಗೆ ಅಪ್ಪಳಿಸಿ ತೆಂಗು, ಬಾಳೆ, ಕರೆಂಟ್ ಕಂಬ ಎಲ್ಲ ಮಲಗಿಸಿತು.

ಮುಂದೆ ಬಂದಿದೆಯಾ ಅಂತ ಕೇಳಿದಿರಿ. 2024ರಲ್ಲಿ ಪ್ರಾಂತ್ಯದ ಒಟ್ಟು ಉತ್ಪನ್ನ ಸುಮಾರು 79 ಸಾವಿರ ಕೋಟಿ ಯುವಾನ್. ಚೀನಾದ ಜನರಲ್ಲಿ ನೂರಕ್ಕೆ 0.7 ಇಲ್ಲಿದ್ದಾರೆ, ಉತ್ಪನ್ನದಲ್ಲಿ ಪಾಲು 0.6. ಅಂದರೆ ತಲಾ ಲೆಕ್ಕದಲ್ಲಿ ದೇಶದ ಸರಾಸರಿಗಿಂತ ಇನ್ನೂ ಕೆಳಗೆ. 1988ರಿಂದ ಇಷ್ಟೆಲ್ಲ ಹೆಸರಿಟ್ಟು, ಹಣ ಸುರಿದ ಮೇಲೂ. ಈಗ ದೊಡ್ಡ ನಗರವಾಗಿರುವ ಶೆನ್‌ಝೆನ್ ಕೂಡ ಹೀಗೇ ವಿಶೇಷ ವಲಯವಾಗಿ ಶುರುವಾಗಿದ್ದು, ಆದರೆ ಅದರ ಬೆನ್ನಿಗೆ ಹಾಂಗ್‌ಕಾಂಗ್ ಇತ್ತು. ಹೈನಾನ್ ಬೆನ್ನಿಗೆ ಕಾಡು, ಎದುರಿಗೆ ನೀರು. ಆದರೆ ಬರೀ ಪ್ರಚಾರ ಅಂತಲೂ ನಾನು ಹೇಳುವುದಿಲ್ಲ. ದ್ವೀಪ ಸುತ್ತುವ ಹೈಸ್ಪೀಡ್ ರೈಲು 2015ರಿಂದ ಓಡುತ್ತಿದೆ. ರಸ್ತೆಯಲ್ಲಿ ಟೋಲ್ ಗೇಟೇ ಇಲ್ಲ, ಶುಲ್ಕ ಪೆಟ್ರೋಲ್ ಬೆಲೆಯಲ್ಲೇ ಸೇರಿರುತ್ತದೆ. 2030ರಿಂದ ಪೆಟ್ರೋಲ್ ಕಾರು ಮಾರುವಂತಿಲ್ಲ ಅಂತ ಎಲ್ಲರಿಗಿಂತ ಮೊದಲು ಹೇಳಿದ ಪ್ರಾಂತ್ಯ ಇದು. ಮತ್ತೆ ನಿಮಗೆ ಇಷ್ಟ ಆಗುವ ಒಂದು ಲೆಕ್ಕ: ಉತ್ಪನ್ನದಲ್ಲಿ ಕೃಷಿ, ಮೀನುಗಾರಿಕೆಯ ಪಾಲು ಈಗಲೂ ನೂರಕ್ಕೆ ಇಪ್ಪತ್ತರ ಹತ್ತಿರ. ಇಡೀ ಚೀನಾದಲ್ಲಿ ಅದು ಏಳರ ಆಸುಪಾಸು. ಆಕಾಶಕ್ಕೆ ರಾಕೆಟ್ ಬಿಡುವ ದ್ವೀಪ ಊಟ ಮಾಡುವುದು ಇನ್ನೂ ಮಣ್ಣಿನಿಂದಲೇ.

ಹೀಗೆ ಅಡಿಕೆಗೆ ಬಂದೆವು. ಚೀನಾದ ಅಡಿಕೆಯಲ್ಲಿ ನೂರಕ್ಕೆ 95ಕ್ಕೂ ಜಾಸ್ತಿ ಹೈನಾನ್‌ನದು, ಅದರಲ್ಲೂ ವಾನ್‌ನಿಂಗ್ ಸೀಮೆ ಹೆಸರುವಾಸಿ. ಇಪ್ಪತ್ತು ಲಕ್ಷಕ್ಕೂ ಜಾಸ್ತಿ ಜನರ ಬದುಕು ಅದರ ಮೇಲೆ. ದ್ವೀಪದವರು ತಿನ್ನುವ ರೀತಿ ನಮಗೆ ಹೊಸದಲ್ಲ. ಹಸಿ ಅಡಿಕೆಯನ್ನು ಸಿಪ್ಪೆ ಸಮೇತ ನಾಲ್ಕು ಹೋಳು ಮಾಡುತ್ತಾರೆ. ವೀಳ್ಯದೆಲೆಗೆ ಚಿಪ್ಪಿನ ಸುಣ್ಣ ಸವರಿ ಮಡಚಿ ಕೊಡುತ್ತಾರೆ. ಮದುವೆ ಮಾತುಕತೆಗೆ ಇದನ್ನೇ ಒಯ್ಯುತ್ತಾರೆ. ನಮ್ಮ ಎಲೆಯಡಿಕೆಯ ಶಾಸ್ತ್ರವೇ.

ಆದರೆ ವ್ಯಾಪಾರ ಬೇರೆ. ಬೆಳೆಯ ಬಹುಪಾಲು ಹೋಗುವುದು ಸುಮಾರು ಸಾವಿರ ಕಿಲೋಮೀಟರ್ ದೂರದ ಹುನಾನ್ ಪ್ರಾಂತ್ಯಕ್ಕೆ. ಅಲ್ಲಿನವರು ಜಗಿಯುವುದು ಸಿಪ್ಪೆಯನ್ನು! ನಮ್ಮಲ್ಲಿ ಸುಲಿದು ತೋಟಕ್ಕೆ ಎಸೆಯುತ್ತೀವಲ್ಲ, ಅದೇ. ಎಳೆಯ ಕಾಯಿ ಕೊಯ್ದು, ಬೇಯಿಸಿ, ಒಣಗಿಸಿ ಕಪ್ಪು ಮಾಡುತ್ತಾರೆ. ಮೊದಲು ಸೌದೆ ಹೊಗೆಯಲ್ಲಿ ಮಾಡುತ್ತಿದ್ದರು, ಈಗ ಹೆಚ್ಚಾಗಿ ಒಣಗಿಸುವ ಯಂತ್ರಗಳು. ಆಮೇಲೆ ಸೀಳಿ, ಒಳಗಿನ ಬೀಜ ತೆಗೆದು, ಸಿಪ್ಪೆಗೆ ಸಿಹಿ-ಖಾರದ ಪಾಕ ಸವರಿ ಪೊಟ್ಟಣ ಮಾಡುತ್ತಾರೆ. ಆ ಸಿಪ್ಪೆ ಗಟ್ಟಿ, ಬಾಯಿಯ ಒಳಗೆಲ್ಲ ಗೀರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಡಿಕೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ, ಅದು ನಿಮಗೂ ಗೊತ್ತು. 2021ರ ಸೆಪ್ಟೆಂಬರ್‌ನಲ್ಲಿ ಚೀನಾ ಟಿವಿ, ರೇಡಿಯೊ, ಅಂತರ್ಜಾಲದ ಕಾರ್ಯಕ್ರಮಗಳಲ್ಲಿ ಅಡಿಕೆಯ ಜಾಹೀರಾತು ನಿಲ್ಲಿಸಿತು. ಬೆಳೆಯಬೇಡಿ ಅಂತ ಹೇಳಲಿಲ್ಲ. ನಮ್ಮ ಸರ್ಕಾರಗಳ ಹಾಗೇ ಅವರದೂ ನುಂಗಲಾರದ ಉಗುಳಲಾರದ ಸ್ಥಿತಿ.

ಹಾಗಾಗಿ ಆ ಅಡಿಕೆ ನಿಮ್ಮ ಪೇಟೆಗೆ ಬರುತ್ತದೆ ಅನ್ನುವ ಭಯ ಬೇಡ. ಅವರು ಎಳೆಯ ಕಾಯಲ್ಲೇ ಕೊಯ್ಯುತ್ತಾರೆ, ನಮ್ಮ ಚಾಲಿಗೆ (ಒಣಗಿಸಿ ಸುಲಿದ ಅಡಿಕೆಗೆ) ಬೇಕಾದ ಹಣ್ಣಡಿಕೆ ಅವರ ವ್ಯಾಪಾರವೇ ಅಲ್ಲ. ಕೊಳ್ಳುವವರು ಅವರ ದೇಶದಲ್ಲೇ ಇದ್ದಾರೆ. ಜೊತೆಗೆ ನಮ್ಮಲ್ಲಿ 2023ರಿಂದ ಕಿಲೋಗೆ 351 ರೂಪಾಯಿಗಿಂತ ಕಡಿಮೆ ಬೆಲೆಯ ಅಡಿಕೆ ಆಮದಿಗೆ ತಡೆ ಇದೆ. ನಿಮ್ಮ ರೇಟಿಗೆ ತೊಂದರೆ ಆಗುವುದಾದರೆ ಅದು ನೆರೆಯ ದೇಶಗಳಿಂದ ಕಳ್ಳದಾರಿಯಲ್ಲಿ ಬರುವ ಮಾಲಿನಿಂದ. ಅದು ನಮ್ಮದೇ ಹಿತ್ತಲ ಬಾಗಿಲಿನ ವಿಷಯ.

ಹೈನಾನ್‌ನಿಂದ ನೀವು ಗಮನಿಸಬೇಕಾದ ಸಂಗತಿ ಬೇರೆ ಇದೆ. ಸುಳ್ಯ, ಶೃಂಗೇರಿ, ಕೊಪ್ಪದ ತೋಟಗಳನ್ನು ತಿಂದ ಹಳದಿ ಎಲೆ ರೋಗ ಅಲ್ಲೂ 1980ರ ದಶಕದಿಂದ ಇದೆ, ತೋಟಗಟ್ಟಲೆ ಹಾಳು ಮಾಡಿದೆ. ನಮ್ಮಲ್ಲಿ ಇದಕ್ಕೆ ಫೈಟೊಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ ಕಾರಣ ಅಂತ ಹೇಳುತ್ತಾ ಬಂದಿದ್ದೇವೆ. ಅಲ್ಲಿನ ಸಂಶೋಧಕರು ಈಚಿನ ವರ್ಷಗಳಲ್ಲಿ ಅದರ ಜೊತೆಗೆ ಒಂದು ವೈರಸ್ಸನ್ನೂ ಹಿಡಿದಿದ್ದಾರೆ. ಅದನ್ನು ಮರದಿಂದ ಮರಕ್ಕೆ ಹಬ್ಬಿಸುವುದು ಹಿಟ್ಟು ತಿಗಣೆ ಅಂತಲೂ ತೋರಿಸಿದ್ದಾರೆ. ನಿಮ್ಮ ತೋಟದಲ್ಲಿ ಗರಿಯ ತುದಿಯಿಂದ ಹಳದಿ ಏರುತ್ತಿದ್ದರೆ, ಬುಡದಲ್ಲಿ, ಹಾಳೆಯ ಸಂದಿನಲ್ಲಿ ಬಿಳಿ ಹಿಟ್ಟಿನಂಥ ಹುಳ ಇದೆಯಾ ನೋಡಿ. ಇದ್ದರೆ ಫೋಟೋ ತೆಗೆದುಕೊಂಡು ವಿಟ್ಲದ ಸಂಶೋಧನಾ ಕೇಂದ್ರದವರ ಹತ್ತಿರ ಹೋಗಿ, ಹೈನಾನ್‌ನ ಈ ಕೆಲಸದ ಬಗ್ಗೆಯೂ ಕೇಳಿ.